ಕಲ್ಲಿದ್ದಲ ಹೊಗೆಯಿಂದ ಸಿಒ2 ಬೇರ್ಪಡಿಸುವ ಮೆಂಬ್ರೇನ್: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಕಡೆಯ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅಕ್ಕಿ ಗಿರಣಿ ಮತ್ತು ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ನೋಡಿಕೊಳ್ಳುವವರು, ಸುಮ್ಮನೆ ಕುತೂಹಲ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸಿಒ2 ಎಂದರೆ ಇಂಗಾಲದ ಡೈಆಕ್ಸೈಡ್. ಒಂದು ಯೂನಿಟ್ ಎಂದರೆ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್.

## ಮೊದಲಿಗೆ

ನಮ್ಮೂರ ನೀರಿನ ಘಟಕದಾಗಿರೋ ಆರ್‌ಓ ಮೆಂಬ್ರೇನ್ ಥರಾನೇನಾ ಇದು?

ಹತ್ತಿರದ ಸಂಬಂಧಿ. ಫ್ಲೋರೈಡ್ ಕಾಟದಿಂದಾಗಿ ಚಿತ್ರದುರ್ಗ ಜಿಲ್ಲೆಯ ಬಹಳಷ್ಟು ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಅಲ್ಲಿನ ಹಳೇ ಮೆಂಬ್ರೇನ್ ಉರುಳೆಯನ್ನು ಕೊಯ್ದು ನೋಡಿ: ನಡುವೆ ತೂತು ಕೊರೆದ ಪ್ಲಾಸ್ಟಿಕ್ ಕೊಳವೆ, ಅದರ ಸುತ್ತ ಚಾಪೆ ಸುತ್ತಿದಂತೆ ಹಾಳೆಗಳು, ಹಾಳೆಗಳ ನಡುವೆ ಸೊಳ್ಳೆ ಪರದೆಯಂಥ ಬಲೆ. ಹೊಗೆಗೆ ಬಳಸುವ ಸುರುಳಿ ಮೆಂಬ್ರೇನ್ ಕೂಡ ಇದೇ ಆಕಾರದ್ದು. ಅಲ್ಲಿ ನೀರು ದಾಟಿ ಉಪ್ಪು ಉಳಿಯುತ್ತದೆ, ಇಲ್ಲಿ ಸಿಒ2 ದಾಟಿ ಸಾರಜನಕ ಉಳಿಯುತ್ತದೆ. ದಾಟಿದ್ದಕ್ಕೆ ಪರ್ಮಿಯೇಟ್ ಎನ್ನುವ ಹೆಸರು ಎರಡೂ ಕಡೆ ಒಂದೇ; ಉಳಿದದ್ದಕ್ಕೆ ಅಲ್ಲಿ ರಿಜೆಕ್ಟ್, ಇಲ್ಲಿ ರಿಟೆಂಟೇಟ್ ಎನ್ನುತ್ತಾರೆ. ಒಂದು ದೊಡ್ಡ ವ್ಯತ್ಯಾಸ ಮಾತ್ರ ಉಂಟು. ಆರ್‌ಓದಲ್ಲಿ ಪಂಪು ನೀರನ್ನು ಹತ್ತಾರು ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಚಿಮಣಿಯ ಹೊಗೆಗೆ ಸುತ್ತಲ ಗಾಳಿಯಷ್ಟು, ಅಂದರೆ ಸುಮಾರು 1 ಬಾರ್ ಬಿಟ್ಟರೆ ಬೇರೆ ಒತ್ತಡವೇ ಇರುವುದಿಲ್ಲ. ಮುಂದೆ ಬರುವ ತಲೆನೋವೆಲ್ಲ ಇದರಿಂದಲೇ ಹುಟ್ಟಿದ್ದು.

ಸಣ್ಣ ಕಣ್ಣಿನ ಜರಡಿ ಅಂತ ತಿಳ್ಕೋಬಹುದಾ?

ಬೇಡ. ಸಿಒ2 ಅಣುವಿನ ಅಗಲ 3.3 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ), ಸಾರಜನಕದ್ದು 3.64. ಇಷ್ಟು ಕಡಿಮೆ ಅಂತರಕ್ಕೆ ಸರಿಯಾಗಿ ಕಣ್ಣು ಬಿಟ್ಟ ಜರಡಿಯನ್ನು ಲಕ್ಷಗಟ್ಟಲೆ ಚದರ ಮೀಟರ್ ನೇಯುವುದು ಆಗುವ ಮಾತಲ್ಲ. ಇಲ್ಲಿರುವುದು ತೂತೇ ಇಲ್ಲದ ಪಾಲಿಮರ್ ಪದರ. ಅನಿಲ ಮೊದಲು ಅದರಲ್ಲಿ ಕರಗಬೇಕು, ಆಮೇಲೆ ಒಳಗೇ ನುಸುಳಿ ಆಚೆ ಬದಿಯಲ್ಲಿ ಹೊರಬರಬೇಕು. ಸೈಕಲ್ ಟ್ಯೂಬಿಗೆ ಸಿಒ2 ತುಂಬಿಸಿದರೆ ಗಾಳಿ ತುಂಬಿಸಿದ್ದಕ್ಕಿಂತ ಬೇಗ ಇಳಿಯುವುದೂ ಇದೇ ಕಾರಣಕ್ಕೆ: ರಬ್ಬರಿನಲ್ಲಿ ಸಿಒ2 ಹೆಚ್ಚು ಕರಗುತ್ತದೆ. ಪಾಲಿಎಥಿಲೀನ್ ಆಕ್ಸೈಡ್ ಬೆರೆತ ಪಾಲಿಮರ್‌ಗಳಲ್ಲಿ ಇನ್ನೂ ಹೆಚ್ಚು. ಆ ಸರಪಳಿಯಲ್ಲಿರುವ ಆಮ್ಲಜನಕ ಸಿಒ2ವನ್ನು ತನ್ನತ್ತ ಸೆಳೆಯುತ್ತದೆ.

ಹೊಗೆಯಲ್ಲಿ ಸಿಒ2 ಎಷ್ಟಿರುತ್ತೆ?

ಕಲ್ಲಿದ್ದಲ ಹೊಗೆಯಲ್ಲಿ 12–15%, ಗ್ಯಾಸ್ ಟರ್ಬೈನ್ ಹೊಗೆಯಲ್ಲಿ 3–5%, ಸಿಮೆಂಟ್ ಗೂಡಿನಲ್ಲಿ 20% ದಾಟುತ್ತದೆ. ನಮಗೆ ಹತ್ತಿರದ ಕಲ್ಲಿದ್ದಲ ಸ್ಥಾವರ ಬಳ್ಳಾರಿ ಪಕ್ಕದ ಕುಡಿತಿನಿಯದು. ಅಲ್ಲಿ 500 ಮೆಗಾವ್ಯಾಟಿನ ಎರಡು, 700 ಮೆಗಾವ್ಯಾಟಿನ ಒಂದು ಘಟಕ ಇವೆ. ಒಂದು ಮೆಗಾವ್ಯಾಟ್ ಗಂಟೆಗೆ 0.9 ಟನ್ ಎಂದು ಹಿಡಿದರೆ, 500ರ ಘಟಕವೊಂದು ಪೂರ್ತಿ ಹೊರೆಯಲ್ಲಿ ಓಡುವಾಗ ಗಂಟೆಗೆ 450 ಟನ್ ಸಿಒ2 ಬಿಡುತ್ತದೆ.

ನಮ್ಮ ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗ್ತಾ ಇದಾವಲ್ರೀ, ಮತ್ತೆ ಇದ್ಯಾಕೆ?

ಗಾಳಿಯಂತ್ರ ಮುಂಗಾರಿನಲ್ಲಿ ತಿರುಗಿದಂತೆ ಮಾರ್ಚ್‌ನಲ್ಲಿ ತಿರುಗುವುದಿಲ್ಲ. ಆಗ ಹೊರೆ ಬೀಳುವುದು ಬಳ್ಳಾರಿ, ರಾಯಚೂರು, ಯರಮರಸ್ ಮೇಲೆ. ಇನ್ನು ಸಿಮೆಂಟಿನ ಕಥೆಯೇ ಬೇರೆ: ಸುಣ್ಣದ ಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಸಿಒ2 ಹೊರಡುತ್ತದೆ, ಒಲೆಗೆ ಯಾವ ಕರೆಂಟ್ ಕೊಟ್ಟರೂ ಅದು ನಿಲ್ಲದು.

ಮಂಡಕ್ಕಿ ಭಟ್ಟಿಗೂ ಕೂರಿಸಬಹುದಾ ಸಾರ್?

ಕೂರಿಸಿ ಪ್ರಯೋಜನವಿಲ್ಲ. ಭಟ್ಟಿಯೊಳಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ನುಗ್ಗುವುದರಿಂದ ಸಿಒ2 ತೆಳುವಾಗುತ್ತದೆ. ತೆಳುವಾದಷ್ಟೂ ಬೇರ್ಪಡಿಸುವ ಖರ್ಚು ಏರುತ್ತದೆ. ಅಲ್ಲಿ ಉರಿಸುವ ಭತ್ತದ ಹೊಟ್ಟಿನ ತೂಕದ ಐದನೇ ಒಂದು ಭಾಗ ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ. ಅರೆಬೆಂದ ಹೊಗೆಯ ಟಾರು ಆ ಬೂದಿಯ ಜೊತೆ ಸೇರಿ ಮೆಂಬ್ರೇನ್ ಬಲೆಯನ್ನು ಬೇಗ ಮುಚ್ಚಿಬಿಡುತ್ತದೆ. ಭಟ್ಟಿ ಸಾಲಿನ ತೊಂದರೆ ಮಸಿಯದು. ಮೊದಲು ಸರಿಪಡಿಸಬೇಕಾದದ್ದು ಉರಿ.

ಎಥನಾಲ್ ತಯಾರಿಸೋ ಕಡೆ ಬರೋ ಗ್ಯಾಸಿಗೆ ಹಾಕಿದ್ರೆ?

ಅಲ್ಲಿ ಮೆಂಬ್ರೇನ್ ಬೇಕಾಗಿಯೇ ಇಲ್ಲ. ಹುಳಿಯುವ ತೊಟ್ಟಿಯಿಂದ ಬರುವ ಅನಿಲ ತೇವವನ್ನು ಬಿಟ್ಟರೆ ಹೆಚ್ಚುಕಡಿಮೆ ಶುದ್ಧ ಸಿಒ2. ನೀರಿನಲ್ಲಿ ತೊಳೆದು, ಒಣಗಿಸಿ, ಒತ್ತಿ ತಂಪಾಗಿಸಿದರೆ ದ್ರವ ಸಿಗುತ್ತದೆ. ಒಂದು ಟನ್ ಎಥನಾಲಿಗೆ ಸುಮಾರು 0.95 ಟನ್ ಸಿಒ2 ಲೆಕ್ಕ. ನಮ್ಮ ಭಾಗದಲ್ಲಿ ಸಿಒ2 ಹಿಡಿಯುವ ಕೆಲಸ ಶುರುಮಾಡಬೇಕೆಂದಿದ್ದರೆ ಇಲ್ಲಿಂದಲೇ ಮಾಡಬೇಕು.

## ಒತ್ತಡದ ಲೆಕ್ಕ

ಇಷ್ಟು ಸರಳ ಇದ್ರೆ ಎಲ್ಲರೂ ಯಾಕೆ ಹಾಕ್ಕೊಂಡಿಲ್ಲ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಮೆಂಬ್ರೇನ್ ಕರೆಂಟ್ ತಿನ್ನುವುದಿಲ್ಲ, ಅದರ ಹಿಂದಿನ ಪಂಪು ತಿನ್ನುತ್ತದೆ. ಸಿಒ2 ಪದರವನ್ನು ದಾಟಬೇಕಾದರೆ ಈಚೆ ಬದಿಯಲ್ಲಿ ಅದರ ಪಾಲಿನ ಒತ್ತಡ ಆಚೆಗಿಂತ ಹೆಚ್ಚಿರಬೇಕು. 1 ಬಾರ್ ಹೊಗೆಯಲ್ಲಿ 13% ಸಿಒ2 ಇದ್ದರೆ ಅದರ ಪಾಲಿನ ಒತ್ತಡ ಬರೀ 0.13 ಬಾರ್. ದಾರಿ ಎರಡೇ: ಹೊಗೆಯನ್ನು ಒತ್ತಬೇಕು, ಇಲ್ಲವೇ ಆಚೆ ಬದಿಯನ್ನು ವ್ಯಾಕ್ಯೂಮ್ ಪಂಪಿನಿಂದ ಹೀರಬೇಕು.

ಲೆಕ್ಕ ಹಾಕೋಣ. 40 ಡಿಗ್ರಿ ಬಿಸಿ, ಎರಡು ಬದಿಯ ಒತ್ತಡದ ಅನುಪಾತ 5, ಹಿಡಿಯುವ ಗುರಿ 90% ಇರಲಿ. ಇಡೀ ಹೊಗೆಯನ್ನು 1 ರಿಂದ 5 ಬಾರ್‌ಗೆ ಒತ್ತಲು, ನಷ್ಟವೇ ಇಲ್ಲದ ಆದರ್ಶ ಲೆಕ್ಕದಲ್ಲೂ ಒಂದು ಟನ್ ಸಿಒ2ಗೆ ಸುಮಾರು 225 ಯೂನಿಟ್ ಬೇಕು. ಅದರ ಬದಲು ದಾಟಿ ಬಂದ ಅನಿಲವನ್ನಷ್ಟೇ 0.2 ಬಾರ್‌ನಿಂದ ಎತ್ತಿದರೆ, ಅದರಲ್ಲಿ ಅರ್ಧ ಸಿಒ2 ಇದೆ ಎಂದಿಟ್ಟುಕೊಂಡರೂ 53 ಯೂನಿಟ್ ಸಾಕು. ಯಂತ್ರಗಳ ದಕ್ಷತೆ 70% ಎಂದರೆ ಇವು ಸುಮಾರು 320 ಮತ್ತು 75 ಆಗುತ್ತವೆ. ಒತ್ತಿದ ಹೊಗೆಯನ್ನು ಎಕ್ಸ್‌ಪ್ಯಾಂಡರ್ (ಒತ್ತಡದಿಂದ ತಿರುಗುವ ಟರ್ಬೈನ್) ಮೂಲಕ ಬಿಟ್ಟು ಒಂದಿಷ್ಟು ವಾಪಸ್ ಪಡೆಯಬಹುದು, ಆದರೂ ಹೀರುವುದೇ ಅಗ್ಗ. ಕಾರಣ, ಸಾರಜನಕಕ್ಕೆ ದುಡ್ಡು ಸುರಿಯಬೇಕಿಲ್ಲ.

ಪುಕ್ಕಟೆಯೇನೂ ಅಲ್ಲ. ಹೀರುವ ದಾರಿಯಲ್ಲಿ ತಳ್ಳುವ ಬಲ, ಅಂದರೆ ಎರಡು ಬದಿಯ ಒತ್ತಡದ ವ್ಯತ್ಯಾಸ, ಐದನೇ ಒಂದಕ್ಕೆ ಇಳಿಯುತ್ತದೆ, ಹಾಗಾಗಿ ಐದು ಪಟ್ಟು ಮೆಂಬ್ರೇನ್ ಬೇಕು.

ಒಂದೇ ಸಲಕ್ಕೆ ಶುದ್ಧ ಸಿಒ2 ಬರಲ್ವಾ?

ಬರುವುದಿಲ್ಲ, ಎಂಥ ಮೆಂಬ್ರೇನ್ ತಂದರೂ. ಪರ್ಮಿಯೇಟ್‌ನಲ್ಲಿ ಸಿಒ2 ಪ್ರಮಾಣ ಹೊಗೆಯ ಪ್ರಮಾಣವನ್ನು ಒತ್ತಡದ ಅನುಪಾತದಿಂದ ಗುಣಿಸಿದ್ದಕ್ಕಿಂತ ಹೆಚ್ಚಾಗಲಾರದು. 13%, ಅನುಪಾತ 5 ಎಂದರೆ ಮೇಲ್ಮಿತಿ 65%. ಅದೂ ಮಾಡ್ಯೂಲಿನ (ಮೆಂಬ್ರೇನ್ ಉರುಳೆಯ) ಬಾಯಲ್ಲಿ ಮಾತ್ರ. ಮುಂದೆ ಹೋದಂತೆ ಹೊಗೆಯಲ್ಲಿ ಸಿಒ2 ಬಡವಾಗಿ ಸರಾಸರಿ ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಎರಡನೇ ಹಂತ ಬೇಕು: ಮೊದಲನೆಯದರ ಪರ್ಮಿಯೇಟನ್ನು ಒತ್ತಿ ಇನ್ನೊಂದು ಮೆಂಬ್ರೇನಿಗೆ ಕೊಟ್ಟರೆ 85% ದಾಟಬಹುದು. ಉಳಿದ ಸಾರಜನಕ, ಆಮ್ಲಜನಕ ತೆಗೆಯಲು ಮತ್ತೆ ಮೆಂಬ್ರೇನ್ ಹಾಕುವುದು ದಂಡ. 25–30 ಬಾರ್‌ಗೆ ಒತ್ತಿ ಮೈನಸ್ 30 ಡಿಗ್ರಿಗೆ ಇಳಿಸಿದರೆ ಸಿಒ2 ದ್ರವವಾಗುತ್ತದೆ, ಉಳಿದದ್ದು ಅನಿಲವಾಗಿಯೇ ಉಳಿಯುತ್ತದೆ.

ಸೆಲೆಕ್ಟಿವಿಟಿ 50 ಇರೋದಕ್ಕಿಂತ 200 ಇರೋದು ಒಳ್ಳೇದಲ್ವಾ?

ಸಂಶೋಧನೆಗೆ ಹೊಸದಾಗಿ ಇಳಿದವರೆಲ್ಲ ಎಡವುವುದು ಇಲ್ಲೇ. ಸಿಒ2 ಸಾರಜನಕಕ್ಕಿಂತ ಎಷ್ಟು ಪಟ್ಟು ವೇಗವಾಗಿ ದಾಟುತ್ತದೆ ಎನ್ನುವುದೇ ಸೆಲೆಕ್ಟಿವಿಟಿ. ಮೇಲಿನ ಲೆಕ್ಕದಲ್ಲಿ ಮೇಲ್ಮಿತಿ ಕಟ್ಟಿದ್ದು ಒತ್ತಡ, ಸೆಲೆಕ್ಟಿವಿಟಿ ಅಲ್ಲ. ಅನುಪಾತ 5–10ರೊಳಗೆ ಇರುವವರೆಗೆ 50ರಿಂದ 200ಕ್ಕೆ ಏರಿಸಿದರೆ ಶುದ್ಧತೆ ಅಲ್ಪಸ್ವಲ್ಪ ಏರುತ್ತದೆ, ಆದರೆ ಅದೇ ಸಿಒ2 ದಾಟಿಸಲು ವಿಸ್ತೀರ್ಣ ವಿಪರೀತ ಹಿಗ್ಗುತ್ತದೆ. ಸಾರಜನಕ ಜೊತೆಗೆ ದಾಟದಿದ್ದರೆ ಆಚೆ ಬದಿಯಲ್ಲಿ ಸಿಒ2 ಪಾಲಿನ ಒತ್ತಡ ಏರಿ, ತಳ್ಳುವ ಬಲ ಕುಗ್ಗುತ್ತದೆ. ಚಿಮಣಿ ಹೊಗೆಗೆ 30ರಿಂದ 50 ಸಾಕು. ಏರಿಸಬೇಕಾದದ್ದು ದಾಟುವ ವೇಗ.

ಜಿಪಿಯು, ಬ್ಯಾರರ್ ಅಂತಾರಲ್ಲ, ಏನವು?

ಎರಡೂ ಅನಿಲ ಎಷ್ಟು ಸಲೀಸಾಗಿ ದಾಟುತ್ತದೆ ಎನ್ನುವುದರ ಅಳತೆಗಳು. ಬ್ಯಾರರ್ ಪಾಲಿಮರಿನ ಹುಟ್ಟುಗುಣ, ಜಿಪಿಯು ಅದರಿಂದ ಮಾಡಿದ ಹಾಳೆಯ ಗುಣ. ಬ್ಯಾರರನ್ನು ಮೈಕ್ರಾನ್ ದಪ್ಪದಿಂದ ಭಾಗಿಸಿದರೆ ಜಿಪಿಯು. 100 ಬ್ಯಾರರಿನ ಪಾಲಿಮರನ್ನು 50 ಮೈಕ್ರಾನ್ ಹಾಳೆಯಾಗಿ ಎರೆದರೆ 2 ಜಿಪಿಯು, 0.1 ಮೈಕ್ರಾನಿಗೆ ಇಳಿಸಿದರೆ 1000. ಅಷ್ಟು ತೆಳು ಪದರ ತಾನಾಗಿ ನಿಲ್ಲದು. ಅದಕ್ಕೇ ಕೆಳಗೆ ಸಿಲಿಕೋನ್ ರಬ್ಬರಿನ ಒಂದು ಪದರ, ಅದರ ಕೆಳಗೆ ಸೂಕ್ಷ್ಮ ತೂತಿನ ಪಾಲಿಮರ್, ತಳದಲ್ಲಿ ಪಾಲಿಯೆಸ್ಟರ್ ಬಟ್ಟೆ. ಅಮೆರಿಕದ ಮೆಂಬ್ರೇನ್ ಟೆಕ್ನಾಲಜಿ ಅಂಡ್ ರಿಸರ್ಚ್ ಕಂಪನಿಯ ಪೋಲಾರಿಸ್ ಮೆಂಬ್ರೇನಿನ ಮೊದಲ ಪೀಳಿಗೆ 1000 ಜಿಪಿಯು, ಸೆಲೆಕ್ಟಿವಿಟಿ 50 ಮುಟ್ಟಿತ್ತು. ಅಲಬಾಮದ ವಿಲ್ಸನ್‌ವಿಲ್‌ನಲ್ಲಿ ನಿಜವಾದ ಕಲ್ಲಿದ್ದಲ ಹೊಗೆಯ ಮೇಲೆ ದಿನಕ್ಕೆ 20 ಟನ್ ಮಟ್ಟದಲ್ಲಿ ಅದನ್ನು ಓಡಿಸಿ ನೋಡಿದ್ದಾರೆ.

ಎಷ್ಟು ಮೆಂಬ್ರೇನ್ ಬೇಕು, ಅಂದಾಜು ಹೇಳಿ.

ದಿನಕ್ಕೆ 1 ಟನ್ ಎಂದರೆ ಸೆಕೆಂಡಿಗೆ 0.26 ಮೋಲ್. 1000 ಜಿಪಿಯು ಮೆಂಬ್ರೇನ್, ಸರಾಸರಿ ಒತ್ತಡ ವ್ಯತ್ಯಾಸ 0.03 ಬಾರ್ ಇದ್ದರೆ ಒಂದು ಚದರ ಮೀಟರಿನಲ್ಲಿ ಸೆಕೆಂಡಿಗೆ 0.001 ಮೋಲ್ ದಾಟುತ್ತದೆ. ಹಾಗಾಗಿ 260 ಚದರ ಮೀಟರ್ ಬೇಕು. 20 ಚದರ ಮೀಟರಿನ 8 ಇಂಚು ಉರುಳೆಗಳಾದರೆ 13. ಇದೇ ಲೆಕ್ಕ 500 ಮೆಗಾವ್ಯಾಟಿಗೆ ಹೋದರೆ 90% ಹಿಡಿಯಲು ಸುಮಾರು 25 ಲಕ್ಷ ಚದರ ಮೀಟರ್. ಹತ್ತು ಲಕ್ಷ ಚದರ ಮೀಟರ್ ಎಂದರೆ 247 ಎಕರೆ ಹಾಳೆ! ಸುತ್ತಿ ಜೋಡಿಸುವುದರಿಂದ ಜಾಗ ಅಷ್ಟು ಬೇಕಿಲ್ಲ, ಆದರೆ ಲಕ್ಷಕ್ಕೂ ಹೆಚ್ಚು ಉರುಳೆಗಳ ಕೊಳವೆ ಜೋಡಣೆ, ಒತ್ತಡ ನಷ್ಟ, ಸೋರಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಬಾಯ್ಲರಿಗೆ ಹೋಗೋ ಗಾಳೀನ ಮೆಂಬ್ರೇನ್ ಮೇಲೆ ಹಾಯಿಸ್ತಾರಂತೆ, ಯಾಕೆ?

90% ತೆಗೆಯುವ ಹೊತ್ತಿಗೆ ಹೊಗೆಯಲ್ಲಿ ಉಳಿಯುವುದು 1.5% ಸಿಒ2. ಒತ್ತಡ 1.2 ಮತ್ತು 0.2 ಬಾರ್ ಇದ್ದರೂ ಕೊನೆಯ ಭಾಗದ ಪರ್ಮಿಯೇಟ್ 9% ದಾಟದು. ಅಂಥ ಬಡ ಅನಿಲವನ್ನು ಪಂಪಿನಿಂದ ಎಳೆಯುವುದೆಂದರೆ ಕರೆಂಟ್ ಸುಟ್ಟಂತೆ. ಆದ್ದರಿಂದ ಮೊದಲ ಮೆಂಬ್ರೇನಿನಲ್ಲಿ ಸುಮಾರು ಅರ್ಧ ಸಿಒ2 ಮಾತ್ರ ವ್ಯಾಕ್ಯೂಮಿನಿಂದ ತೆಗೆದು, ಉಳಿದ ಹೊಗೆಯನ್ನು ಇನ್ನೊಂದು ಮೆಂಬ್ರೇನಿಗೆ ಕಳಿಸಿ, ಅದರ ಆಚೆ ಬದಿಯಲ್ಲಿ ಬಾಯ್ಲರಿಗೆ ಹೋಗುವ ಗಾಳಿಯನ್ನು ಹಾಯಿಸುತ್ತಾರೆ. ಆ ಗಾಳಿಯಲ್ಲಿ ಸಿಒ2 ಇರುವುದು 0.04%. ಪಂಪಿಲ್ಲದೆ ತಳ್ಳುವ ಬಲ ಸಿಕ್ಕಿತು. ದಾಟಿದ ಸಿಒ2 ಬಾಯ್ಲರಿಗೆ ಮರಳಿ, ಹೊಗೆಯಲ್ಲಿ ಅದರ ಪ್ರಮಾಣ 18% ಆಸುಪಾಸಿಗೆ ಏರುತ್ತದೆ. ಅದೂ ಲಾಭವೇ. ಬೆಲೆ ತೆರುವುದು ಬಾಯ್ಲರ್: ಗಾಳಿಯ ಆಮ್ಲಜನಕ 21ರಿಂದ 18% ಆಸುಪಾಸಿಗೆ ಇಳಿಯುತ್ತದೆ, ಜ್ವಾಲೆಯ ಸ್ಥಿರತೆ ಮತ್ತು ಬಾಯ್ಲರ್ ದಕ್ಷತೆ ಎರಡನ್ನೂ ಮತ್ತೆ ಪರೀಕ್ಷಿಸಬೇಕು.

ಅಮೀನ್ ದ್ರಾವಣಕ್ಕಿಂತ ಇದು ಮೇಲಾ?

ಅಮೀನ್ ಎಂದರೆ ಸಿಒ2ವನ್ನು ಹೀರಿಕೊಂಡು, ಕಾಯಿಸಿದಾಗ ಬಿಟ್ಟುಕೊಡುವ ರಾಸಾಯನಿಕ. 90% ಹಿಡಿಯಲೇಬೇಕು, ಉಗಿ ಸುಲಭವಾಗಿ ಸಿಗುತ್ತದೆ ಎಂದರೆ ಅದು ಹಳೇ ಕುದುರೆ. ವಿಂಧ್ಯಾಚಲದ ಎನ್‌ಟಿಪಿಸಿ ಸ್ಥಾವರದಲ್ಲಿ 2022ರಿಂದ ಇರುವ ದಿನಕ್ಕೆ 20 ಟನ್ನಿನ ಘಟಕವೂ ಅಮೀನಿನದೇ. ಅದಕ್ಕೆ ಒಂದು ಟನ್ ಸಿಒ2ಗೆ 3.5 ಗಿಗಾಜೂಲ್ ಆಸುಪಾಸು ಶಾಖ ಬೇಕು, ಅಂದರೆ ಟರ್ಬೈನಿನಿಂದ ಉಗಿ ಕದಿಯಬೇಕು. ಮೆಂಬ್ರೇನಿಗೆ ಉಗಿಯೂ ಬೇಡ, ರಾಸಾಯನಿಕವೂ ಬೇಡ, ಕರೆಂಟ್ ಮಾತ್ರ. ಎರಡನೇ ಹಂತ, ದ್ರವೀಕರಣ, ಪೈಪ್‌ಲೈನಿನ ಒತ್ತಡ ಎಲ್ಲ ಸೇರಿ ಟನ್ನಿಗೆ 300 ಯೂನಿಟ್ ಹಿಡಿದರೆ, 500 ಮೆಗಾವ್ಯಾಟಿನಲ್ಲಿ ಸುಮಾರು 120 ಮೆಗಾವ್ಯಾಟ್ ಅಲ್ಲೇ ಖರ್ಚು. ನಮ್ಮ ಅಭಿಪ್ರಾಯದಲ್ಲಿ ಮೆಂಬ್ರೇನಿಗೆ ತಕ್ಕ ಜಾಗ ಸಿಮೆಂಟ್, ಉಕ್ಕು, ಅಥವಾ 60–70% ಹಿಡಿದರೆ ಸಾಕು ಎನ್ನುವ ಕಡೆ.

ಹಿಡಿದದ್ದನ್ನ ಚಿತ್ರದುರ್ಗದ ಬಂಡೆ ಕೆಳಗೇ ತುಂಬಿದ್ರೆ ಆಗಲ್ವಾ?

ಇಲ್ಲಿನದು 250 ಕೋಟಿ ವರ್ಷಕ್ಕೂ ಹಳೆಯ, ಬೆಂದು ಮಡಚಿ ಗಟ್ಟಿಯಾದ ಶಿಲೆ. ಅನಿಲ ಕುಡಿಯಲು ಅದರಲ್ಲಿ ರಂಧ್ರಗಳಿಲ್ಲ. ಐಸ್‌ಲೆಂಡಿನಲ್ಲಿ ಸಿಒ2 ಬೆರೆಸಿದ ನೀರನ್ನು ಬಸಾಲ್ಟಿಗೆ ಇಳಿಸಿ, ಎರಡು ವರ್ಷದೊಳಗೆ 95% ಕಲ್ಲಾಗಿಸಿದರು. ಆದರೆ ಅದು ಎಳೆಯ, ರಂಧ್ರ ತುಂಬಿದ ಬಸಾಲ್ಟ್. ನಮ್ಮ ರಾಜ್ಯದಲ್ಲಿ ದಖ್ಖನ್ ಬಸಾಲ್ಟ್ ಇರುವುದು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ.

## ನಡೆಸುವವರಿಗೆ

ನಮ್ಮ ಕಲ್ಲಿದ್ದಲ ಬೂದಿಗೆ ಇದು ತಡ್ಕೊಳ್ಳುತ್ತಾ?

ತಯಾರಿ ಇಲ್ಲದೆ ತಡೆಯದು. ಭಾರತದ ಕಲ್ಲಿದ್ದಲಲ್ಲಿ ಬೂದಿ 35–40% ಇರುವುದು ಸಾಮಾನ್ಯ. 2017ರಿಂದೀಚೆಗಿನ ಘಟಕಗಳಿಗೆ ದೂಳಿನ ಮಿತಿ ಘನ ಮೀಟರಿಗೆ 30 ಮಿಲಿಗ್ರಾಂ. ಚಿಮಣಿಗೆ ಅದು ಸಾಕು, ಮೆಂಬ್ರೇನಿಗೆ ಸಾಲದು. ಇಎಸ್‌ಪಿ (ವಿದ್ಯುತ್ತಿನಿಂದ ಬೂದಿ ಹಿಡಿಯುವ ಯಂತ್ರ) ಆದ ಮೇಲೆ ಬ್ಯಾಗ್ ಫಿಲ್ಟರ್, ಆಮೇಲೆ ಗಂಧಕ ತೊಳೆಯುವ ಸ್ಕ್ರಬ್ಬರ್, ಕೂಲರ್, ಬ್ಲೋವರ್, ಮತ್ತೊಂದು ಕೂಲರ್, ಹನಿ ಹಿಡಿಯುವ ಡಿಮಿಸ್ಟರ್, ಕೊನೆಗೆ ಕಾರ್ಟ್ರಿಜ್ ಫಿಲ್ಟರ್. ಎರಡನೇ ಕೂಲರ್ ಬಿಡಬೇಡಿ: 1ರಿಂದ 1.2 ಬಾರ್‌ಗೆ ಒತ್ತುವಷ್ಟರಲ್ಲೇ ಹೊಗೆ 20 ಡಿಗ್ರಿಯಷ್ಟು ಕಾಯುತ್ತದೆ.

ಸಲ್ಫರ್ ಡೈಆಕ್ಸೈಡ್ ಪದರವನ್ನು ಕೂಡಲೇ ಕೊಲ್ಲುವುದಿಲ್ಲ, ಸಿಒ2 ಜೊತೆಗೇ ದಾಟಿಬಿಡುತ್ತದೆ. ಪೆಟ್ಟು ಬೀಳುವುದು ಪರ್ಮಿಯೇಟ್ ಕೊಳವೆಗೆ. ಅಲ್ಲಿ ನೀರು ಸಾಂದ್ರವಾದ ಕಡೆ ಆಮ್ಲವಾಗಿ ಸಾದಾ ಉಕ್ಕನ್ನು ತಿನ್ನುತ್ತದೆ. 316 ಸ್ಟೇನ್‌ಲೆಸ್ ಅಥವಾ ಎಫ್‌ಆರ್‌ಪಿ (ನಾರು ಬೆರೆಸಿ ಗಟ್ಟಿಮಾಡಿದ ಪ್ಲಾಸ್ಟಿಕ್) ಬಳಸಿ. ಕೊಳವೆಗೆ ಇಳಿಜಾರು ಕೊಡಿ, ತಗ್ಗಿನಲ್ಲಿ ಡ್ರೈನ್ ಇರಲಿ.

ನೀರಾವಿಯಿಂದ ಏನು ತೊಂದರೆ?

ನೀರಾವಿ ಸಿಒ2ಗಿಂತ ವೇಗವಾಗಿ ದಾಟುತ್ತದೆ. ತೇವ ತುಂಬಿದ ಹೊಗೆಯಲ್ಲಿ 55 ಡಿಗ್ರಿಗೆ 15% ನೀರಾವಿ ಇರುತ್ತದೆ, 40 ಡಿಗ್ರಿಗೆ ಇಳಿಸಿದರೆ 7%. ಈ 7% ಕೂಡ 0.2 ಬಾರ್ ಪರ್ಮಿಯೇಟ್‌ನಲ್ಲಿ ಮೂರನೇ ಒಂದು ಭಾಗ ಜಾಗ ಹಿಡಿಯಬಲ್ಲದು. ವ್ಯಾಕ್ಯೂಮ್ ಪಂಪಿನ ಮುಂದೆ ಕಂಡೆನ್ಸರ್ ಹಾಕುವುದು ಇದಕ್ಕೇ. ಹಾಗಂತ ಹೊಗೆಯನ್ನು ಪೂರ್ತಿ ಒಣಗಿಸಲು ಹೋಗಬೇಡಿ. ದಾಟಿದ ನೀರಾವಿ ಆಚೆ ಬದಿಯಲ್ಲಿ ಸಿಒ2ವನ್ನು ತೆಳುಗೊಳಿಸಿ ಎಳೆಯಲು ಸಹಾಯ ಮಾಡುತ್ತದೆ. ಪಾಲಿವಿನೈಲ್ ಅಮೀನ್‌ನಂಥ, ಸಿಒ2ವನ್ನು ರಾಸಾಯನಿಕವಾಗಿ ಹೊತ್ತು ದಾಟಿಸುವ ಪದರಗಳಂತೂ ತೇವವಿಲ್ಲದೆ ಕೆಲಸವನ್ನೇ ಮಾಡವು.

ಬೇಸಿಗೆಯಲ್ಲಿ ಶುದ್ಧತೆ ಯಾಕೆ ಇಳಿಯುತ್ತೆ?

ಎರಡು ಕಾರಣ. ಮೆಂಬ್ರೇನ್ ಕಾದರೆ ಎಲ್ಲ ಅನಿಲಗಳೂ ವೇಗವಾಗಿ ದಾಟುತ್ತವೆ, ಸಾರಜನಕ ಇನ್ನೂ ಹೆಚ್ಚಿನ ಪಾಲು ಗಳಿಸುತ್ತದೆ. 25–30 ಡಿಗ್ರಿಯಲ್ಲಿ 50 ಇದ್ದ ಸೆಲೆಕ್ಟಿವಿಟಿ 50 ಡಿಗ್ರಿ ದಾಟಿದರೆ 30ರ ಹತ್ತಿರಕ್ಕೆ ಬರುತ್ತದೆ. ಇನ್ನೊಂದು, ಸಕ್ಕರೆ ಕಾರ್ಖಾನೆಯವರಿಗೆ ಚೆನ್ನಾಗಿ ಗೊತ್ತಿರುವ ಲಿಕ್ವಿಡ್ ರಿಂಗ್ ವ್ಯಾಕ್ಯೂಮ್ ಪಂಪಿನ ಕಾಯಿಲೆ: ಅದರೊಳಗೆ ಉಂಗುರದಂತೆ ತಿರುಗುವ ಸೀಲ್ ನೀರು 40 ಡಿಗ್ರಿ ಆದರೆ ಅದರ ಆವಿಯ ಒತ್ತಡವೇ 0.074 ಬಾರ್. 0.2 ಬಾರ್ ಎಳೆಯುವಾಗ ಪಂಪಿನ ಸಾಮರ್ಥ್ಯದಲ್ಲಿ ಮೂರನೇ ಒಂದು ಭಾಗ ತನ್ನದೇ ನೀರಾವಿಗೆ ಹೋಗುತ್ತದೆ. ಮೆಂಬ್ರೇನನ್ನು ಬಯ್ಯುವ ಮೊದಲು ಸೀಲ್ ನೀರಿನ ಬಿಸಿ ನೋಡಿ. ಅದೇ ನೀರಿನ ಪಿಎಚ್ ಕೂಡ ನೋಡಿ, ಸಿಒ2 ಕರಗಿ ಹುಳಿಯಾಗಿರುತ್ತದೆ.

ಶುರು ಮಾಡುವಾಗ ಯಾವ ವಾಲ್ವ್ ಮೊದಲು?

ಮೊದಲು ಒಣ ಬೆಚ್ಚನೆ ಗಾಳಿ ಹಾಯಿಸಿ ಮಾಡ್ಯೂಲನ್ನು ಹೊಗೆಯ ಬಿಸಿಗೆ ತನ್ನಿ. ತಣ್ಣಗಿನ ಹಾಳೆಗೆ ತೇವದ ಹೊಗೆ ತಾಗಿದರೆ ನೀರಿನ ಪೊರೆ ಕಟ್ಟುತ್ತದೆ. ಆಮೇಲೆ ಹೊಗೆಯ ವಾಲ್ವ್ ನಿಧಾನವಾಗಿ ತೆರೆದು, ಕೊನೆಗೆ ವ್ಯಾಕ್ಯೂಮ್. ನಿಲ್ಲಿಸುವಾಗ ತಿರುವುಮುರುವು. ಪರ್ಮಿಯೇಟ್ ಬದಿಯ ಒತ್ತಡ ಹೊಗೆಯ ಬದಿಯದಕ್ಕಿಂತ ಒಂದು ಕ್ಷಣವೂ ಹೆಚ್ಚಾಗಬಾರದು. ಹಿಂದಿನಿಂದ ಒತ್ತಿದರೆ ತೆಳು ಪದರ ಬಟ್ಟೆಯಿಂದ ಕಿತ್ತು ಬರುತ್ತದೆ, ಆ ಉರುಳೆ ಗುಜರಿಗೆ. ಕರೆಂಟ್ ಹೋದಾಗ ಪಂಪು ಹಿಮ್ಮುಖ ತಿರುಗದಂತೆ ಚೆಕ್ ವಾಲ್ವ್ ಕಡ್ಡಾಯ.

ಶುದ್ಧತೆ ದಿಢೀರ್ ಬಿದ್ದರೆ ಎಲ್ಲಿ ಹುಡುಕೋದು?

ಪರ್ಮಿಯೇಟ್‌ನಲ್ಲಿ ಆಮ್ಲಜನಕ ಅಳೆಯಿರಿ. ಅದು ಸಾರಜನಕದ ಕಾಲುಭಾಗದಷ್ಟಕ್ಕೆ ಹತ್ತಿರವಾಗುತ್ತಾ ಏರಿದ್ದರೆ ವ್ಯಾಕ್ಯೂಮ್ ಲೈನಿನ ಫ್ಲೇಂಜಿನಲ್ಲಿ ಹೊರಗಿನ ಗಾಳಿ ನುಗ್ಗುತ್ತಿದೆ. ವಾಲ್ವ್‌ಗಳನ್ನು ಮುಚ್ಚಿ ವ್ಯಾಕ್ಯೂಮ್ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಆಮ್ಲಜನಕ ಏರದೆ ಸಾರಜನಕ ಏರಿದ್ದರೆ ಹಾಳೆ ಹರಿದಿದೆ ಅಥವಾ ಅಂಟು ಬಿಟ್ಟಿದೆ. ಆರ್‌ಓ ಘಟಕದಲ್ಲಿ ಒಂದೊಂದೇ ವೆಸಲಿನ (ಉರುಳೆ ಕೂರಿಸಿದ ಕೊಳವೆಯ) ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ, ನೋಡುವ ಹಾಗೆ, ಒಂದೊಂದೇ ವೆಸಲಿನ ಪರ್ಮಿಯೇಟ್ ಬಾಯಲ್ಲಿ ಸಿಒ2 ಮೀಟರ್ ಹಿಡಿದು ಕೆಟ್ಟದ್ದನ್ನು ಬೇರ್ಪಡಿಸಿ. ಶುದ್ಧತೆ ಸರಿಯಿದ್ದು ಹರಿವು ಮಾತ್ರ ಇಳಿದರೆ ಬೂದಿ, ನೀರಿನ ಪೊರೆ ಅಥವಾ ಸೋತ ಪಂಪು.

ಕಾಲೇಜ್ ಪ್ರಾಜೆಕ್ಟಿಗೆ ನಾವೇ ಮೆಂಬ್ರೇನ್ ಮಾಡಬಹುದಾ?

ಮಾಡಬಹುದು. ಪೆಬ್ಯಾಕ್ಸ್ 1657 (ಪಾಲಿಎಥಿಲೀನ್ ಆಕ್ಸೈಡ್ ಬೆರೆತ ಪಾಲಿಮರ್) ಹರಳನ್ನು ತೂಕದಲ್ಲಿ 70 ಭಾಗ ಎಥನಾಲ್, 30 ಭಾಗ ನೀರಿನ ಮಿಶ್ರಣದಲ್ಲಿ 1–3% ಆಗುವಂತೆ ಹಾಕಿ, 80 ಡಿಗ್ರಿಯಲ್ಲಿ ರಿಫ್ಲಕ್ಸ್ (ಎದ್ದ ಆವಿ ತಂಪಾಗಿ ಮತ್ತೆ ಒಳಗೇ ಬೀಳುವ ಜೋಡಣೆ) ಇಟ್ಟು ಎರಡು ಗಂಟೆ ಕಲಕಿ. ಶೋಧಿಸಿ, ಗುಳ್ಳೆ ಹೋದ ಮೇಲೆ ಪಾಲಿಸಲ್ಫೋನ್ ಅಲ್ಟ್ರಾಫಿಲ್ಟ್ರೇಷನ್ ಹಾಳೆಯ ಮೇಲೆ ತೆಳುವಾಗಿ ಸವರಿ ರಾತ್ರಿಯಿಡೀ ಒಣಗಿಸಿ. ಎಲ್ಲರೂ ಮಾಡುವ ತಪ್ಪು ದಪ್ಪ ಹಾಳೆ ಎರೆಯುವುದು. 10 ಚದರ ಸೆಂಟಿಮೀಟರ್ ಮೆಂಬ್ರೇನಿಗೆ 1 ಬಾರ್ ವ್ಯತ್ಯಾಸ ಕೊಟ್ಟರೆ, 1000 ಜಿಪಿಯು ಇದ್ದಲ್ಲಿ ನಿಮಿಷಕ್ಕೆ 45 ಮಿಲಿಲೀಟರ್ ಸಿಒ2 ಬರುತ್ತದೆ, ಸೋಪಿನ ಗುಳ್ಳೆ ಮೀಟರಿನಲ್ಲಿ ಆರಾಮಾಗಿ ಅಳೆಯಬಹುದು. 2 ಜಿಪಿಯು ಹಾಳೆಗೆ 0.09 ಮಿಲಿಲೀಟರ್, ಗುಳ್ಳೆ ಏಳುವ ಮೊದಲೇ ಕಾಲೇಜು ಬಿಡುತ್ತದೆ.

ಮೊದಲು ಸಾರಜನಕ ಹಾಯಿಸಿ, ಆಮೇಲೆ ಸಿಒ2. ಎರಡರ ಅನುಪಾತ 40–50 ಬಂದರೆ ಪದರ ಗಟ್ಟಿ. 5–10 ಬಂದರೆ ಸೂಜಿ ತೂತುಗಳಿವೆ, ಮೇಲೆ ಸಿಲಿಕೋನ್ ರಬ್ಬರಿನ ತೆಳು ಲೇಪ ಕೊಟ್ಟರೆ ಬಹುಪಾಲು ಮುಚ್ಚುತ್ತವೆ. 0.8 ಬಂದರೆ, ಅಂದರೆ ಸಿಒ2 ಸಾರಜನಕಕ್ಕಿಂತ ನಿಧಾನವಾಗಿ ಬಂದರೆ, ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸಾರಜನಕದ ಅಣುತೂಕ 28ನ್ನು ಸಿಒ2 ಅಣುತೂಕ 44ರಿಂದ ಭಾಗಿಸಿದ್ದರ ವರ್ಗಮೂಲ 0.8. ಭಾರದ ಅಣು ಸೂಕ್ಷ್ಮ ತೂತಿನಲ್ಲಿ ನಿಧಾನ ಸಾಗುತ್ತದೆ, ಅಷ್ಟೇ: ನೀವು ಸವರಿದ ಪದರ ಅಲ್ಲಿಲ್ಲ, ತಳದ ಹಾಳೆಯನ್ನು ಅಳೆಯುತ್ತಿದ್ದೀರಿ. ಪ್ರಯೋಗವನ್ನು ಕಿಟಕಿ ತೆರೆದ ಕೋಣೆಯಲ್ಲೇ ಮಾಡಿ. ಸಿಒ2 ಗಾಳಿಗಿಂತ ಭಾರ, ನೆಲದಲ್ಲಿ ನಿಲ್ಲುತ್ತದೆ, 4% ಮುಟ್ಟಿದರೆ ಜೀವಕ್ಕೇ ಅಪಾಯ. ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಬಿಗಿಯಿರಿ.